ಹತ್ತು ದಿನಕ್ಕೊಮ್ಮೆ ಬೆದೆ, ಆದರೂ ಗಬ್ಬ ನಿಲ್ಲುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ಎಚ್‌ಎಫ್ ಮಿಶ್ರತಳಿ ಹಸು ಮೂರನೇ ಕರು ಹಾಕಿ 80 ದಿನ ಆಯಿತು. ದಿನಕ್ಕೆ 20 ಲೀಟರ್ ಹಾಲು ಕೊಡುತ್ತದೆ. ಹತ್ತು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಪಕ್ಕದ ಹಸುಗಳ ಮೇಲೆ ಹತ್ತುತ್ತದೆ. ಎರಡು ಸಲ ಸೆಮನ್ ಹಾಕಿಸಿದೆವು, ಗಬ್ಬ ನಿಲ್ಲಲಿಲ್ಲ. ಕೈ ಹಾಕಿ ನೋಡಿದವರು ಅಂಡಾಶಯದಲ್ಲಿ ನೀರುಗುಳ್ಳೆ ಇದೆ, ಒತ್ತಿ ಒಡೆದುಬಿಡೋಣ ಅಂದರು. ಇನ್ನೊಬ್ಬರು ರಕ್ತ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಕರು ಹಾಕಿದ ಮೇಲೆ ಹಸು ತುಂಬಾ ಇಳಿದುಹೋಗಿತ್ತು. ಏನು ಮಾಡಲಿ?
(ಕೋಲಾರ ಜಿಲ್ಲೆಯ ಓದುಗರು)

ಉತ್ತರ: ದಯವಿಟ್ಟು ಒಡೆಸಬೇಡಿ. ಹಿಂದೆ ಹಾಗೆ ಮಾಡುತ್ತಿದ್ದರು, ನಿಜ. ಆದರೆ ಒತ್ತಿ ಒಡೆದಾಗ ಒಳಗೆ ರಕ್ತ ಸೋರಬಹುದು. ಆಮೇಲೆ ಅಂಡಾಶಯ ಸುತ್ತಲಿನ ಪೊರೆಗೆ ಅಂಟಿಕೊಂಡರೆ ಹಸು ಮತ್ತೆ ಗಬ್ಬ ಕಟ್ಟುವುದೇ ಕಷ್ಟ.

ಹಸುವಿನ ಬೆದೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬರುತ್ತದೆ. 18ರಿಂದ 24 ದಿನದವರೆಗೆ ಸರಿ. ನಿಮ್ಮ ಹಸು ಹತ್ತು ದಿನಕ್ಕೇ ಬರುತ್ತಿರುವುದರಿಂದ ಗುಳ್ಳೆಯ ಅನುಮಾನ ಸರಿಯೇ ಇರಬಹುದು. ಆದರೆ ಒಂದೇ ಸಲ ಕೈ ಹಾಕಿ ತೀರ್ಮಾನಿಸಬಾರದು. ಬೆದೆಗೆ ಬಂದ ಒಳ್ಳೆಯ ಹಸುವಿನಲ್ಲೂ ಮೊಟ್ಟೆ ಬೆಳೆಯುವ ನೀರಿನ ಚೀಲ, ಅಂದರೆ ಕೋಶ, ಸುಮಾರು 15 ಮಿಲಿಮೀಟರ್ ದಪ್ಪ ಇರುತ್ತದೆ. ಅದು ಒಡೆದು ಮೊಟ್ಟೆ ಬಿಡುವ ಬದಲು 20–25 ಮಿಲಿಮೀಟರ್ ದಾಟಿ, ವಾರ ಹತ್ತು ದಿನವಾದರೂ ಹಾಗೇ ಉಳಿದರೆ, ಜೊತೆಗೆ ಮೊಟ್ಟೆ ಬಿಟ್ಟ ಜಾಗದಲ್ಲಿ ಬೆಳೆಯುವ ಹಳದಿ ಕಾಯ ಅನ್ನುವ ಗಂಟು ಇಲ್ಲದಿದ್ದರೆ, ಆಗ ಅದು ಸಿಸ್ಟ್, ಅಂದರೆ ನೀರುಗುಳ್ಳೆ. ಅದಕ್ಕೇ 7ರಿಂದ 10 ದಿನದ ಅಂತರದಲ್ಲಿ ಎರಡು ಸಲ ನೋಡಿಸಿ ಅನ್ನುವುದು.

ಈ ಗುಳ್ಳೆಯಲ್ಲಿ ಎರಡು ಬಗೆ. ಒಂದು ತೆಳು ಗೋಡೆಯದು. ಬೆರಳಿಗೆ ನೀರು ತುಂಬಿದ ಬಲೂನಿನ ಹಾಗೆ ಸಿಗುತ್ತದೆ. ನಿಮ್ಮ ಹಸುವಿನಂತೆ ಪದೇ ಪದೇ ಬೆದೆ ತೋರಿಸುವುದು ಸಾಮಾನ್ಯವಾಗಿ ಇದರಲ್ಲೇ. ಬಾಲದ ಬುಡ ಎದ್ದು ನಿಂತಂತೆ ಕಾಣುತ್ತದೆಯಾ, ಅದರ ಎರಡೂ ಬದಿ ಸಡಿಲವಾಗಿ ಕುಳಿ ಬಿದ್ದಿದೆಯಾ ನೋಡಿ. ಇನ್ನೊಂದು ದಪ್ಪ ಗೋಡೆಯದು, 3 ಮಿಲಿಮೀಟರಿಗಿಂತ ಜಾಸ್ತಿ. ಅದು ಪ್ರೊಜೆಸ್ಟರಾನ್ ಹಾರ್ಮೋನ್ ಸುರಿಸುತ್ತಲೇ ಇರುವುದರಿಂದ ಹಸು ಬೆದೆಗೇ ಬರುವುದಿಲ್ಲ. ಬರೀ ಕೈಯಲ್ಲಿ ಇವೆರಡನ್ನು ಬೇರೆ ಮಾಡುವುದು ಅನುಭವಿಗಳಿಗೂ ಕಷ್ಟ. ಸ್ಕ್ಯಾನಿಂಗ್‌ನಲ್ಲಿ ಗೋಡೆ ಎಷ್ಟು ದಪ್ಪ ಅಂತ ಪರದೆಯ ಮೇಲೇ ಕಾಣುತ್ತದೆ. ಸ್ಕ್ಯಾನಿಂಗ್ ಸಿಗುವ ಕಡೆ ಮಾಡಿಸಿ. ಇಲ್ಲದಿದ್ದರೆ ರಕ್ತದಲ್ಲೋ ಹಾಲಿನಲ್ಲೋ ಪ್ರೊಜೆಸ್ಟರಾನ್ ನೋಡಿಸಬಹುದು.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಕೊನೆಯ ಮಾತು, ‘ತುಂಬಾ ಇಳಿದುಹೋಗಿತ್ತು’ ಅಂದದ್ದು. ಕರು ಹಾಕಿದ ಮೇಲೆ ಹಾಲು ಬೇಗ ಏರುತ್ತದೆ, ಒಂದೂವರೆ ಎರಡು ತಿಂಗಳಿಗೆ ತುದಿ ಮುಟ್ಟುತ್ತದೆ. ಮೇವು ತಿನ್ನುವ ಶಕ್ತಿ ಮಾತ್ರ ನಿಧಾನ. ನಡುವಿನ ಕೊರತೆಯನ್ನು ಹಸು ತನ್ನ ಮೈಯ ಕೊಬ್ಬು ಕರಗಿಸಿ ತುಂಬಿಸಿಕೊಳ್ಳುತ್ತದೆ. ಕರಗಿದ ಕೊಬ್ಬು ಯಕೃತ್ತಿಗೆ ಹೋಗಿ ಕೀಟೋನ್ ಅನ್ನುವ ವಸ್ತು ಆಗಿ ರಕ್ತ ಸೇರುತ್ತದೆ. ರಕ್ತದಲ್ಲಿ ಸಕ್ಕರೆ, ಇನ್ಸುಲಿನ್ ಇಳಿಯುತ್ತವೆ. ಆಗ ಕೋಶ ಒಡೆಯಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರಬೇಕಾದ ಎಲ್‌ಎಚ್ ಹಾರ್ಮೋನ್ ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಬರುವುದಿಲ್ಲ. ಕೋಶ ಬೆಳೆಯುತ್ತಲೇ ಹೋಗಿ ಗುಳ್ಳೆಯಾಗುತ್ತದೆ. ಗರ್ಭಕೋಶದ ಸೋಂಕು, ವಂಶದ ಗುಣ ಕೂಡ ಕಾರಣ ಆಗಬಹುದು. ಆದರೆ ಇಷ್ಟು ಹಾಲು ಕೊಡುವ, ಇಳಿದುಹೋದ ಹಸುವಿನಲ್ಲಿ ನಾನು ಮೊದಲು ಅನುಮಾನಿಸುವುದು ಮೇವಿನ ಕೊರತೆಯನ್ನೇ.

ಇನ್ನು ರಕ್ತ ಪರೀಕ್ಷೆ. ಬಿಎಚ್‌ಬಿ ಅನ್ನುವ ಕೀಟೋನ್ ಲೀಟರಿಗೆ 1.2 ಮಿಲಿಮೋಲ್ ದಾಟಿದರೆ, ಹೊರಗೆ ಕಾಣದಿದ್ದರೂ ಒಳಗೇ ಕೀಟೋಸಿಸ್, ಅಂದರೆ ಕೀಟೋನ್ ಅತಿಯಾದ ಕಾಯಿಲೆ, ಇದೆ ಅಂತ ಲೆಕ್ಕ. ಒಂದು ಹನಿ ರಕ್ತದಲ್ಲಿ ನೋಡುವ ಸಣ್ಣ ಮೀಟರ್ ಬಂದಿದೆ, ಮೂತ್ರದ ಪಟ್ಟಿಯೂ ಇದೆ. ಆದರೆ ಈ ಪರೀಕ್ಷೆಗೆ ಸರಿಯಾದ ಕಾಲ ಕರು ಹಾಕಿದ ಮೊದಲ ಎರಡು ಮೂರು ವಾರ. 80ನೇ ದಿನಕ್ಕೆ ಎಲ್ಲ ಸರಿ ಅಂತ ಬಂದರೂ ಆಗ ತೊಂದರೆ ಇರಲಿಲ್ಲ ಅಂತ ಅರ್ಥವಲ್ಲ. ಹಸು ಈಗಲೂ ಇಳಿಯುತ್ತಿದ್ದರೆ, ಹಿಂಡಿ ಬಿಟ್ಟು ಬರೀ ಹುಲ್ಲು ತಿನ್ನುತ್ತಿದ್ದರೆ ಮಾಡಿಸಿ. ಇಲ್ಲದಿದ್ದರೆ ಆ ದುಡ್ಡನ್ನು ಸ್ಕ್ಯಾನಿಂಗಿಗೆ ಹಾಕಿ. ಡೈರಿಯ ಹಳೆಯ ಚೀಟಿಗಳಿದ್ದರೆ ತೆಗೆದು ನೋಡಿ. ಕರು ಹಾಕಿದ ಮೊದಲ ತಿಂಗಳು ಫ್ಯಾಟ್ ಇದ್ದಕ್ಕಿದ್ದಂತೆ ಏರಿತ್ತಾ? ಫ್ಯಾಟ್ ಜಾಸ್ತಿ ಬಂತು ಅಂತ ಖುಷಿಪಡುವವರೇ ಹೆಚ್ಚು. ಆ ಹೊತ್ತಿನಲ್ಲಿ ಅದು ಮೈ ಕರಗುತ್ತಿರುವ ಗುರುತೂ ಆಗಿರಬಹುದು.

ಕರು ಹಾಕಿ 40–50 ದಿನದ ಒಳಗೆ ಕಂಡ ಗುಳ್ಳೆ ಎಷ್ಟೋ ಸಲ ತಾನಾಗೇ ಹೋಗುತ್ತದೆ. ನಿಮ್ಮದು 80 ದಿನ ದಾಟಿದೆ, ಸುಮ್ನೆ ಕಾಯಬೇಡಿ. ತೆಳು ಗೋಡೆಯ ಗುಳ್ಳೆಗೆ ಸಾಮಾನ್ಯವಾಗಿ ಎಲ್‌ಎಚ್ ಬಿಡಿಸುವ ಜಿಎನ್‌ಆರ್‌ಎಚ್ ಹಾರ್ಮೋನ್ ಇಂಜೆಕ್ಷನ್ ಕೊಟ್ಟು, 7 ದಿನದ ಮೇಲೆ ಹಳದಿ ಕಾಯವನ್ನು ಕರಗಿಸುವ ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಕೊಡುತ್ತಾರೆ. ದಪ್ಪ ಗೋಡೆಯದಕ್ಕೆ ನೇರವಾಗಿ ಪ್ರೊಸ್ಟಾಗ್ಲಾಂಡಿನ್. ಒಂದು ಎಚ್ಚರ. ಎರಡು ಸಲ ಸೆಮನ್ ಹಾಕಿಸಿದ್ದೀರಿ ಅಲ್ವಾ? ಗಬ್ಬ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಈ ಪ್ರೊಸ್ಟಾಗ್ಲಾಂಡಿನ್ ಕೊಡಿಸಬೇಡಿ, ಗಬ್ಬ ಇದ್ದರೆ ಕಂದು ಹಾಕಿಬಿಡುತ್ತದೆ. ಬಸುರಿ ಹೆಂಗಸರು, ಅಸ್ತಮಾ ಇರುವವರು ಆ ಔಷಧಿಯನ್ನು ಮುಟ್ಟಲೂ ಬಾರದು.

ಮೇವಿನ ಲೆಕ್ಕ ಇಷ್ಟು: ಮೈ ನಿರ್ವಹಣೆಗೆ ಒಂದೂವರೆ ಎರಡು ಕಿಲೋ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ. ಜೊತೆಗೆ ಹಸಿ ಮೇವು, ರಾಗಿ ಹುಲ್ಲು, ದಿನವೂ ಖನಿಜ ಮಿಶ್ರಣ. ಪಶು ಆಹಾರವನ್ನು ಒಮ್ಮೆಲೇ ಏರಿಸಬೇಡಿ, ಹೊಟ್ಟೆ ಕೆಡುತ್ತದೆ. ದಿನಕ್ಕೆ ಅರ್ಧ ಕಿಲೋದಂತೆ ಏರಿಸಿ, ಮೂರು ನಾಲ್ಕು ಪಾಲು ಮಾಡಿ ಕೊಡಿ.

ಮುಂದಿನ ಸಲ ಹಾಲು ಬತ್ತಿಸಿದ ಮೇಲೆ ಹಸುವನ್ನು ಅತಿಯಾಗಿ ಕೊಬ್ಬಿಸಬೇಡಿ. ಕೊಬ್ಬಿದ ಹಸುವೇ ಕರು ಹಾಕಿದ ಮೇಲೆ ಮೇವು ಬಿಟ್ಟು ಜಾಸ್ತಿ ಇಳಿಯುತ್ತದೆ. ಕರು ಹಾಕಿದ ತಾರೀಕನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಒಂದು ವಾರ ಕಳೆದ ಮೇಲೆ ಡಾಕ್ಟರಿಗೆ ಹೇಳಿ ಕೀಟೋನ್ ಪರೀಕ್ಷೆ ಮಾಡಿಸಿ.