ಕೂದಲು ಉದುರುತ್ತಾ ಅಂತ ಅಮ್ಮ ಕೇಳಿದರಲ್ಲ!

ದಾವಣಗೆರೆಯಿಂದ ಬಂದ ಈ ಪತ್ರ ಓದಿದ ಮೇಲೆ ಉಳಿದ ಪತ್ರಗಳತ್ತ ಮನಸ್ಸು ಹೋಗಲಿಲ್ಲ. ಸಾರ ಇಷ್ಟು. ತಾಯಿಗೆ 71 ವರ್ಷ. ಶುಗರ್ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಸ್ತನದ ಗಡ್ಡೆ ತೆಗೆದು ಮೂರು ವಾರ ಆಗಿದೆ. ಕಂಕುಳಿನ ಒಂದು ಗಂಟಿನಲ್ಲೂ ಕ್ಯಾನ್ಸರ್ ಸಿಕ್ಕಿದೆ. "ಹಾರ್ಮೋನ್ ಮಾತ್ರೆ ಬೇಕೇ ಬೇಕು, ಕೀಮೋ ಬಗ್ಗೆ ಮನೇಲಿ ಮಾತಾಡಿಕೊಂಡು ಬನ್ನಿ" ಎಂದಿದ್ದಾರೆ ಡಾಕ್ಟರು. ಅಮೆರಿಕದಲ್ಲಿರುವ ಅಣ್ಣ ಕೊಡಿಸಲೇಬೇಕು ಅನ್ನುತ್ತಾನೆ. ಸೋದರಮಾವ ಈ ವಯಸ್ಸಿಗೆ ಬೇಡವೇ ಬೇಡ ಅನ್ನುತ್ತಾರೆ. ಜೊತೆಗೆ, ಅಕ್ಕನಿಗೆ ಕ್ಯಾನ್ಸರ್ ಅಂತ ಹೇಳಕೂಡದು ಎಂದು ಎಲ್ಲರಿಂದ ಆಣೆ ಹಾಕಿಸಿಕೊಂಡಿದ್ದಾರೆ. "ನಾನು ಯಾರ ಮಾತು ಕೇಳಲಿ?" ಅಂತ ಮಗಳ ಪ್ರಶ್ನೆ.

ಉದ್ದದ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಾಲು. ಅದನ್ನೂ ನೀವು ಕಂಸದೊಳಗೆ ಹಾಕಿದ್ದೀರಿ: "ಮೊನ್ನೆ ಜಡೆ ಹಾಕುವಾಗ ಕೂದಲು ಉದುರುತ್ತಾ ಅಂತ ಕೇಳಿದರು, ಮಾತು ಮರೆಸಿದೆ."

ಯಾವ ಔಷಧಿಗೆ ಕೂದಲು ಉದುರುತ್ತೆ ಅಂತ ನಮ್ಮ ಊರುಗಳಲ್ಲಿ ಯಾವ ಹೆಂಗಸಿಗೆ ಗೊತ್ತಿಲ್ಲ ಹೇಳಿ? ನಿಮ್ಮಮ್ಮನಿಗೆ ಗೊತ್ತು ಕಣಮ್ಮ. ನೀವು ಮುಚ್ಚಿಡುತ್ತಿದ್ದೀರಿ ಅನ್ನೋದೂ ಗೊತ್ತು. ಗಂಡ ತೀರಿಕೊಂಡ ಮೇಲೆ ಬಾಡಿಗೆ ಮನೆಗಳ ಲೆಕ್ಕ, ಬ್ಯಾಂಕು, ಕೋರ್ಟು ಎಲ್ಲ ಒಬ್ಬರೇ ನೋಡಿಕೊಂಡವರು ಅಂತ ನೀವೇ ಬರೆದಿದ್ದೀರಿ. ಅಂಥವರನ್ನು ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ತಮ್ಮ ಹೋಗಿ ಕೂತಿದ್ದಾರೆ!

ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಕಾಯಿಲೆ ಯಾರದೋ, ಡಾಕ್ಟರ ಎದುರಿನ ಕುರ್ಚಿ ಅವರದು. ನಿಮ್ಮ ಅಣ್ಣನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ದೂರ ಇದ್ದಾನೆ, ಭಯ, ಅದಕ್ಕೇ ರಾತ್ರಿಯೆಲ್ಲ ಲೇಖನ ಕಳಿಸುತ್ತಾನೆ. ಮಾವನ ವಿಷಯ ಬೇರೆ. ಅಕ್ಕನ ಮೇಲಿನ ಪ್ರೀತಿ ಅಂತ ಅದಕ್ಕೆ ಎಷ್ಟೇ ಬಣ್ಣ ಕಟ್ಟಲಿ, ಅದು ಯಜಮಾನಿಕೆ.

ಇನ್ನು ಕೀಮೋ. ಇಬ್ಬರ ವಾದವೂ ಅರ್ಧಂಬರ್ಧ. ವಯಸ್ಸಾಯಿತು ಅನ್ನುವುದೊಂದೇ ಕಾರಣ ಆಗುವುದಿಲ್ಲ. 65 ದಾಟಿದ ಹೆಂಗಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಕೇಪ್‌ಸಿಟಬಿನ್ ಮಾತ್ರೆಯ ಹಗುರ ಕೀಮೋಗಿಂತ ಮಾಮೂಲಿ ಕೀಮೋ ಪಡೆದವರೇ ಚೆನ್ನಾಗಿದ್ದರು. ಹಾಗಂತ ಎಲ್ಲರಿಗೂ ಬೇಕು ಅಂತಲೂ ಅಲ್ಲ. ನಿಮ್ಮ ರಿಪೋರ್ಟಿನಲ್ಲಿ ಈಆರ್, ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್ ಅಂತಿದೆ. ಗಡ್ಡೆ ಹೆಣ್ಣು ಹಾರ್ಮೋನ್ ಬಲದಲ್ಲಿ ಬೆಳೆಯುತ್ತದೆ, ಹರ್-2 ಎಂಬ ಪ್ರೋಟೀನ್ ಅದರಲ್ಲಿ ಹೆಚ್ಚಿಲ್ಲ ಅಂತ ಅರ್ಥ. ಅಂದರೆ ಲೆಟ್ರೋಜೋಲ್‌ನಂಥ ದಿನಕ್ಕೊಂದು ಹಾರ್ಮೋನ್ ಮಾತ್ರೆಯೇ ದೊಡ್ಡ ಕೆಲಸ ಮಾಡುವ ಜಾತಿಯ ಕ್ಯಾನ್ಸರ್ ಇದು. ಅದರ ಮೇಲೆ ಕೀಮೋದಿಂದ ಎಷ್ಟು ಜಾಸ್ತಿ ಸಿಗುತ್ತೆ ಅನ್ನೋದೇ ಪ್ರಶ್ನೆ. ತೆಗೆದ ಗಡ್ಡೆಯ ಚೂರಿನಿಂದಲೇ ಆಂಕೋಟೈಪ್ ಎಂಬ ಜೀನ್ ಪರೀಕ್ಷೆ ಮಾಡಬಹುದು, ಕ್ಯಾನ್ಸರ್ ಮರುಕಳಿಸುವ ಅಪಾಯ ಎಷ್ಟು ಅಂತ ಅದು ಅಂಕ ಕೊಡುತ್ತದೆ. ದುಬಾರಿ, ನಿಜ. ಆದರೆ 2021ರಲ್ಲಿ ಬಂದ ಅಧ್ಯಯನದಲ್ಲಿ, ಮುಟ್ಟು ನಿಂತು, ಒಂದರಿಂದ ಮೂರು ಗಂಟುಗಳಲ್ಲಿ ಕ್ಯಾನ್ಸರ್ ಇದ್ದವರಲ್ಲಿ ಈ ಅಂಕ 25 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಕೀಮೋದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಮುಟ್ಟು ನಿಂತು, ಒಂದು ಗಂಟಿನಲ್ಲಿ ಕ್ಯಾನ್ಸರ್ ಸಿಕ್ಕ ನಿಮ್ಮಮ್ಮನೂ ಅಂಥವರೇ ಅಲ್ವಾ? ಅಂಕ ಎಷ್ಟು ಅಂತ ಮಾತ್ರ ನೋಡಬೇಕು. ಅಣ್ಣ ಲೇಖನ ಕಳಿಸುವ ಬದಲು ಈ ಪರೀಕ್ಷೆಯ ದುಡ್ಡು ಕಳಿಸಲಿ.

ಶುಗರ್ ವಿಷಯ ಡಾಕ್ಟರಿಗೆ ಒತ್ತಿ ಹೇಳಿ. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಶುಗರ್ ಏರಿಸುತ್ತದೆ. ಕೆಲವು ಔಷಧಿಗಳಿಂದ ಕಾಲು ಜೋಮು ಹಿಡಿಯುತ್ತದೆ. ಒಬ್ಬರೇ ದೇವಸ್ಥಾನಕ್ಕೆ ನಡೆದು ಹೋಗುವವರಿಗೆ ಅದು ಸಣ್ಣ ವಿಷಯವಲ್ಲ. ಕೂದಲಿಗಿಂತ ಕಾಲೇ ಮುಖ್ಯ ಅಂತ ಅವರು ಹೇಳಬಹುದು. ಆರು ತಿಂಗಳು ಕಷ್ಟಪಡ್ತೀನಿ, ಕೊಡಿ ಅಂತಲೂ ಹೇಳಬಹುದು. ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾಕೆಂದರೆ ಯಾರೂ ಕೇಳಿಲ್ಲ.

ಹಾಗಾಗಿ ನೀವು ಮಾಡಬೇಕಾದ್ದು ಒಂದೇ. ಇವತ್ತು ಸಂಜೆ ಜಡೆ ಹಾಕುವಾಗ "ಅವತ್ತು ಕೂದಲಿನ ಮಾತು ಕೇಳಿದೆಯಲ್ಲಮ್ಮ" ಅಂತ ನೀವೇ ಶುರು ಮಾಡಿ. ಅವರು ಎಷ್ಟು ಕೇಳುತ್ತಾರೋ ಅಷ್ಟಕ್ಕೆ ನಿಜ ಹೇಳಿ. ಅತ್ತರೆ ಅಳಲಿ, ನೀವೂ ಅಳಿ. ಮುಂದಿನ ಸಲ ಡಾಕ್ಟರ ಎದುರು ಅಮ್ಮನೇ ಕೂರಲಿ, ನೀವು ಪಕ್ಕದಲ್ಲಿರಿ. ತಿಂಗಳುಗಟ್ಟಲೆ ಎಳೆಯಬೇಡಿ. ಆಪರೇಷನ್ ಆಗಿ ಮೂರು ತಿಂಗಳು ದಾಟಿದರೆ ಕೀಮೋ ಕೊಟ್ಟರೂ ಲಾಭ ಕುಗ್ಗುತ್ತದೆ.

ಮಾವ ಬರಲೇಬೇಕು ಅಂತ ಹಟ ಹಿಡಿದರೆ ಬರಲಿ. ಔಷಧಿ ಅಂಗಡಿ ಮುಂದೆ ಸಾಲು ಉದ್ದ ಇರುತ್ತೆ, ಅಲ್ಲಿ ನಿಲ್ಲಲಿಕ್ಕೂ ಒಬ್ಬರು ಬೇಕು.