ಒಂದು ಎಳೆ ತುಂಡಾದರೆ ದವಡೆ ಯಾಕೆ ಬಿಗಿಯುತ್ತದೆ?

ಪ್ರಶ್ನೆ: ಹೋದ ವಾರ ಕಾಫಿ ಗಿಡ ಕಪಾತು ಮಾಡುವಾಗ ಕತ್ತಿ ಜಾರಿ ಅಂಗೈ ಕೊಯ್ದುಕೊಂಡೆ. ಕೈ ತುಂಬ ಗೊಬ್ಬರದ ಮಣ್ಣಿತ್ತು. ಡಾಕ್ಟರು ಗಾಯ ತೊಳೆದು ಧನುರ್ವಾಯು ಇಂಜೆಕ್ಷನ್ ಕೊಟ್ಟರು. ಬಿ.ಎಸ್ಸಿ. ಓದುತ್ತಿರುವ ಮಗಳು, "ಅಪ್ಪಾ, ಆ ರೋಗದ ವಿಷ ನರದೊಳಗಿನ ಒಂದೇ ಒಂದು ಪ್ರೋಟೀನನ್ನು ಕತ್ತರಿಸುತ್ತೆ, ಅಷ್ಟೇ" ಅಂದಳು. ಅಷ್ಟಕ್ಕೇ ಮೈಯೆಲ್ಲ ಬಿಲ್ಲಿನ ಹಾಗೆ ಬಾಗುತ್ತದೆಯೇ? ಆ ಪ್ರೋಟೀನ್ ಹೇಗಿರುತ್ತದೆ?
– ಕಾಫಿ ಬೆಳೆಗಾರ, ವಿರಾಜಪೇಟೆ ಹತ್ತಿರ

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆ ಪ್ರೋಟೀನಿನ ಹೆಸರು ಸಿನಾಪ್ಟೊಬ್ರೆವಿನ್. ಪ್ರೋಟೀನುಗಳ ಕೊಂಡಿಗಳಾದ ಅಮೈನೋ ಆಮ್ಲಗಳು ಬರೀ 116 ಇರುವ ಸಣ್ಣ ಸರಪಳಿ. ಆದರೆ ಅದು ಒಂಟಿಯಾಗಿ ದುಡಿಯುವುದಲ್ಲ. ಅದರ ಜೊತೆಗಾರರನ್ನು ನೋಡಿದರೆ ಮಾತ್ರ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ನರದ ತುದಿಯಲ್ಲಿ ವೆಸಿಕಲ್ ಎಂಬ ಪುಟ್ಟ ಚೀಲಗಳಿರುತ್ತವೆ. ಒಂದೊಂದೂ ಸುಮಾರು 40 ನ್ಯಾನೊಮೀಟರ್ ಅಗಲ. ಮುಂದಿನ ಕೋಶಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕ ಅದರೊಳಗಿರುತ್ತದೆ. ಅದು ಹೊರಗೆ ಬರಬೇಕಾದರೆ ಚೀಲದ ಪೊರೆ ಕೋಶದ ಪೊರೆಯೊಂದಿಗೆ ಬೆಸೆಯಬೇಕು. ಎರಡು ಪೊರೆಗಳು ತಾವಾಗಿ ಬೆಸೆಯುವುದಿಲ್ಲ, ಹತ್ತಿರ ತಂದಷ್ಟೂ ದೂರ ತಳ್ಳುತ್ತವೆ. ಯಾರಾದರೂ ಎಳೆದು ಕೂಡಿಸಬೇಕು. ಆ ಕೆಲಸ ಸ್ನೇರ್ ಎಂಬ ಪ್ರೋಟೀನ್ ಕೂಟದ್ದು.

ಅದರ ರಚನೆಯನ್ನು 1998ರಲ್ಲಿ ಎಕ್ಸ್-ರೇ ಮೂಲಕ ಕಂಡುಕೊಂಡರು. ನನಗಂತೂ ಜೀವಕೋಶದಲ್ಲಿ ಇದಕ್ಕಿಂತ ಚೆಂದದ ವಸ್ತು ಕಡಿಮೆ. ನಾಲ್ಕು ಎಳೆಯ ಹುರಿ ಅದು. ಉದ್ದ ಸುಮಾರು 12 ನ್ಯಾನೊಮೀಟರ್. ಒಂದು ಎಳೆ ಸಿನಾಪ್ಟೊಬ್ರೆವಿನ್ನದು, ಅದರ ಬುಡ ಚೀಲದ ಪೊರೆಯಲ್ಲಿ ನೆಟ್ಟಿರುತ್ತದೆ. ಇನ್ನೊಂದು ಸಿಂಟ್ಯಾಕ್ಸಿನ್ನದು, ಬುಡ ಕೋಶದ ಪೊರೆಯಲ್ಲಿ. ಉಳಿದೆರಡನ್ನು ಸ್ನ್ಯಾಪ್-25 ಎಂಬ ಒಂದೇ ಪ್ರೋಟೀನ್ ಕೊಡುತ್ತದೆ. ಎರಡು ಕೊಡಪಾನಕ್ಕೆ ಒಂದೊಂದು ಹಗ್ಗ ಕಟ್ಟಿ, ಹಗ್ಗಗಳ ಬಿಟ್ಟ ತುದಿಯಿಂದ ಹೊಸೆಯುತ್ತ ಬನ್ನಿ. ಹೊಸೆತ ಬುಡ ಮುಟ್ಟುವಷ್ಟರಲ್ಲಿ ಕೊಡಪಾನಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಅಲ್ವಾ? ಇಲ್ಲೂ ಹಾಗೆಯೇ. ಕ್ಯಾಲ್ಸಿಯಂ ಒಳಬಂದ ಗಳಿಗೆಯಲ್ಲಿ ಹೊಸೆತ ಪೂರ್ತಿಯಾಗಿ ಪೊರೆಗಳು ಬೆಸೆಯುತ್ತವೆ.

ಹುರಿಯ ಒಳಗೆ 16 ಪದರ. 15 ಪದರಗಳು ನೀರಿಗೆ ಸೇರದವು, ಅದಕ್ಕೇ ಒಳಮುಖವಾಗಿ ಗಟ್ಟಿಯಾಗಿ ಒತ್ತಿಕೊಳ್ಳುತ್ತವೆ. ನಟ್ಟನಡುವಿನ ಒಂದು ಪದರದಲ್ಲಿ ಮಾತ್ರ ನೀರಿಗೆ ಸೇರುವ ಅಮೈನೋ ಆಮ್ಲಗಳು: ಮೂರು ಗ್ಲುಟಮಿನ್, ಒಂದು ಆರ್ಜಿನಿನ್. ಯೀಸ್ಟಿನಿಂದ ಮನುಷ್ಯನವರೆಗೆ ಈ ನಡುಪದರ ಹೆಚ್ಚುಕಡಿಮೆ ಹಾಗೇ ಉಳಿದಿದೆ. ನಿಮ್ಮ ಕಾಫಿ ಗಿಡದ ಕೋಶಗಳಲ್ಲೂ ಸ್ನೇರ್‌ಗಳಿವೆ. ಕೆಲಸ ಮುಗಿದ ಮೇಲೆ ಎನ್‌ಎಸ್‌ಎಫ್ ಎಂಬ ಆರು ಭಾಗದ ಉಂಗುರ ಎಟಿಪಿ (ಕೋಶದ ಇಂಧನ) ಖರ್ಚು ಮಾಡಿ ಹುರಿಯನ್ನು ಬಿಚ್ಚುತ್ತದೆ. ಹಸುವಿನ ಮಿದುಳಿನ ಸಾರದಿಂದ ಹುರಿಯ ಈ ಮೂರು ಪ್ರೋಟೀನ್‌ಗಳನ್ನು 1993ರಲ್ಲಿ ಹಿಡಿದು ತೆಗೆದದ್ದು ಜೇಮ್ಸ್ ರಾತ್‌ಮನ್ ಅವರ ತಂಡ. 2013ರ ನೊಬೆಲ್ ಅವರಿಗೆ ಇನ್ನಿಬ್ಬರ ಜೊತೆ ಸಿಕ್ಕಿತು.

ಈಗ ವಿಷಕ್ಕೆ ಬರೋಣ. ಅದಕ್ಕೆ ಎರಡು ತುಂಡು. ದೊಡ್ಡದು ನರವನ್ನು ಹಿಡಿಯುತ್ತದೆ. ಚಿಕ್ಕದು ಸತುವಿನಿಂದ ನಡೆಯುವ ಕತ್ತರಿ. ಅದು ಸಿನಾಪ್ಟೊಬ್ರೆವಿನ್ನನ್ನು 76 ಮತ್ತು 77ನೇ ಅಮೈನೋ ಆಮ್ಲಗಳ ನಡುವೆ ಕತ್ತರಿಸುತ್ತದೆ ಎಂದು ಗೊತ್ತಾದದ್ದು 1992ರಲ್ಲಿ. ಬುಡದ ಮೋಟು ಚೀಲದ ಮೇಲೆ ಉಳಿಯುತ್ತದೆ, ಹೊಸೆಯಬೇಕಾದ ಎಳೆ ಕಳಚಿ ಹೋಗುತ್ತದೆ. ಹುರಿ ಹೊಸೆದು ಮುಗಿದಿದ್ದರೆ ಆ ಕತ್ತರಿಗೆ ಜಾಗವೇ ಸಿಗುವುದಿಲ್ಲ. ಒಂಟಿ ಎಳೆ ಆಕಾರವಿಲ್ಲದೆ ಸಡಿಲವಾಗಿ ತೇಲುವಾಗಲೇ ಅದು ಹಿಡಿಯುತ್ತದೆ.

ಸುದ್ದಿ ನಿಂತರೆ ಸ್ನಾಯು ಜೋಲಬೇಕು, ಬಿಗಿಯುವುದೇಕೆ? ವಿಷ ಸ್ನಾಯುವಿನ ಹತ್ತಿರ ನರಕ್ಕೆ ನುಗ್ಗಿ, ಅಲ್ಲಿಂದ ಅಂಥದ್ದೇ ಒಂದು ಚೀಲದಲ್ಲಿ ಕೂತು ಬೆನ್ನುಹುರಿಗೆ ಹೋಗುತ್ತದೆ. ಅಲ್ಲಿ 'ಸಾಕು, ಸಡಿಲ ಬಿಡು' ಎಂದು ಹೇಳುವ ಕೋಶಗಳನ್ನು ಸೇರುತ್ತದೆ. ಅವುಗಳ ಸುದ್ದಿ ಮುಟ್ಟಿಸುವ ರಾಸಾಯನಿಕಗಳಾದ ಗ್ಲೈಸಿನ್, ಗಾಬಾ ಹೊರಬರುವುದಿಲ್ಲ. ಬ್ರೇಕ್ ಹೋದ ಹಾಗೆ ಆಗುತ್ತದೆ. ಸಾಮಾನ್ಯವಾಗಿ ಮೊದಲು ದವಡೆ ಬಿಗಿಯುತ್ತದೆ, ಆಮೇಲೆ ಕತ್ತು, ಬೆನ್ನು. ಬೊಟುಲಿನಮ್ ಬಿ ಎಂಬ ಇನ್ನೊಂದು ವಿಷ ಇದೇ ಎಳೆಯನ್ನು ಇದೇ ಜಾಗದಲ್ಲಿ ಕತ್ತರಿಸುತ್ತದೆ. ಆದರೆ ಅದು ಸ್ನಾಯುವಿನ ಪಕ್ಕದ ನರತುದಿಯಲ್ಲೇ ಉಳಿಯುತ್ತದೆ, ಹಾಗಾಗಿ ಅಲ್ಲಿ ಸ್ನಾಯು ಜೋಲುತ್ತದೆ.

ವಿಷ ನರದೊಳಗೆ ಹೋದ ಮೇಲೆ ರಕ್ತದಲ್ಲಿರುವ ಪ್ರತಿಕಾಯಗಳಿಗೆ ಅದು ಸಿಗುವುದಿಲ್ಲ. ಅದಕ್ಕೇ ಲಸಿಕೆ ಮೊದಲೇ ಬೇಕು. ಕತ್ತಿಗೆ ತುಕ್ಕಿಲ್ಲ ಎಂದು ಸುಮ್ನೆ ಇರಬೇಡಿ. ರೋಗಾಣುವಿನ ಬೀಜಕಣಗಳು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಒಮ್ಮೆ ರೋಗ ಬಂದು ಹೋದರೂ ಮೈಗೆ ರಕ್ಷಣೆ ಸಿಗುವುದಿಲ್ಲ, ಅಷ್ಟು ಕಡಿಮೆ ವಿಷ ಸಾಕು ಕಾಯಿಲೆಗೆ. ಹಿಂದಿನ ಲಸಿಕೆಗಳೆಲ್ಲ ಸರಿಯಾಗಿ ಆಗಿದ್ದರೆ 10 ವರ್ಷಕ್ಕೊಮ್ಮೆ ಒಂದು ಇಂಜೆಕ್ಷನ್. ಮಣ್ಣು ಸೇರಿದ ಗಾಯವಾದರೆ, ಕೊನೆಯದು ಆಗಿ 5 ವರ್ಷ ಕಳೆದಿದ್ದರೆ ಆಗಲೇ ಮತ್ತೊಂದು. ನಿಮ್ಮ ಜೊತೆ ಕಪಾತು ಮಾಡುವ ಆಳುಗಳು ಕೊನೆಯ ಬಾರಿ ಇದನ್ನು ಯಾವಾಗ ಹಾಕಿಸಿಕೊಂಡಿದ್ದರು ಎಂದು ನಾಳೆಯೇ ಕೇಳಿ ನೋಡಿ. ಎಷ್ಟೋ ಜನಕ್ಕೆ ನೆನಪೇ ಇರುವುದಿಲ್ಲ. ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.