ಬರಹಗಾರರಿಗೆ ಸಲಹೆ: ಕಂಪನಿ ಏನು ಮಾಡಿತು ಅಂತ ಮೊದಲು ಹೇಳಿ

ನಮಸ್ಕಾರ.

ನೀವು ಕಳಿಸಿದ ‘ದೈತ್ಯ ಕಂಪನಿಗಳಿಗೆ ಸರ್ಕಾರ ಮೂಗುದಾರ ಹಾಕಲಿ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಇದನ್ನು ಬಿಟ್ಟುಬಿಡಿ ಅಂತಲೂ ಹೇಳುವುದಿಲ್ಲ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ಹೊರಗೆ ತರುವುದು ಹೇಗೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನೀವು ಹೇಳಿರುವುದು ಇಷ್ಟು: ಗೂಗಲ್, ಆಪಲ್, ಅಮೆಜಾನ್, ಮೆಟಾ, ಮೈಕ್ರೋಸಾಫ್ಟ್ ವಿಪರೀತ ಬೆಳೆದಿವೆ. ನಮ್ಮ ಬದುಕು ಅವುಗಳ ಕೈಗೆ ಹೋಗಿದೆ. ಸರ್ಕಾರಗಳು ಕೈಕಟ್ಟಿ ಕೂತಿವೆ. ಇವನ್ನು ಒಡೆದು ಹಾಕಬೇಕು. ಮೊದಲ ಎರಡು ಪುಟಗಳಲ್ಲಿ ಆಕ್ಟೋಪಸ್ ಬಂದಿದೆ, ಬಕಾಸುರ ಬಂದಿದ್ದಾನೆ, ಜೇಡರ ಬಲೆಯೂ ಬಂದಿದೆ. ಯಾವ ಕಂಪನಿ, ಯಾವಾಗ, ಯಾರಿಗೆ, ಏನು ಮಾಡಿತು ಅನ್ನುವುದು ಬಂದಿಲ್ಲ. ಓದುಗರಿಗೆ ನಿಮ್ಮ ಸಿಟ್ಟು ತಲುಪುತ್ತದೆ, ಕಾರಣ ತಲುಪುವುದಿಲ್ಲ.

ಈ ಎರಡು ಪುಟಗಳನ್ನು ಪೂರ್ತಿ ತೆಗೆಯಿರಿ. ಮೂರನೇ ಪುಟದಲ್ಲಿ ಹೀಗೊಂದು ಪ್ಯಾರಾ ಬರೆದಿದ್ದೀರಿ: ‘ಹೊಸ ಫೋನ್ ಆನ್ ಮಾಡಿದೆ. ಯಾವ ಭಾಷೆ ಅಂತ ಕೇಳಿತು. ವೈಫೈ ಯಾವುದು ಅಂತ ಕೇಳಿತು. ಬೆರಳಿನ ಗುರುತು ಕೇಳಿತು. ಯಾವ ಸರ್ಚ್ ಬೇಕು ಅಂತ ಮಾತ್ರ ಕೇಳಲೇ ಇಲ್ಲ.’ ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ಇಡೀ ವಿಷಯದ ಬೇರು ಈ ನಾಲ್ಕೈದು ಸಾಲಿನಲ್ಲಿದೆ. ನೀವೋ ಅದನ್ನು ಹೇಳಿ, ಅಲ್ಲೇ ಬಿಟ್ಟು, ಮತ್ತೆ ಬಕಾಸುರನ ಹತ್ತಿರ ಹೋಗಿಬಿಟ್ಟಿದ್ದೀರಿ.

ಫೋನ್ ಯಾಕೆ ಕೇಳಲಿಲ್ಲ? ಅದನ್ನು ಹಿಡಿದುಕೊಂಡು ಹೋಗಿ. ಆ ಜಾಗ ಮೊದಲೇ ಮಾರಾಟವಾಗಿರುತ್ತದೆ. ಬ್ರೌಸರ್‌ಗಳಲ್ಲಿ, ಫೋನ್‌ಗಳಲ್ಲಿ ತನ್ನ ಸರ್ಚ್ ಡೀಫಾಲ್ಟ್ ಆಗಿರಲಿ, ಅಂದರೆ ಮೊದಲೇ ಕೂತಿರಲಿ ಅಂತ ಗೂಗಲ್ 2021ರಲ್ಲಿ ಒಟ್ಟು 2,630 ಕೋಟಿ ಡಾಲರ್ ಕೊಟ್ಟಿತ್ತು. 2022ರಲ್ಲಿ ಆಪಲ್ ಒಂದಕ್ಕೇ ಸುಮಾರು 2,000 ಕೋಟಿ ಡಾಲರ್ ಹೋಯಿತು. ಇವು ಯಾರೋ ಅಂದಾಜು ಮಾಡಿದ ಲೆಕ್ಕಗಳಲ್ಲ. ಅಮೆರಿಕದ ನ್ಯಾಯ ಇಲಾಖೆ 2020ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಹೊರಬಂದವು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅದೇ ಮೊಕದ್ದಮೆಯಲ್ಲಿ ಗೂಗಲ್ ಏಕಸ್ವಾಮ್ಯ ಹೊಂದಿದೆ, ಅದನ್ನು ಉಳಿಸಿಕೊಳ್ಳಲು ಕಾನೂನು ಮುರಿದಿದೆ ಅಂತ ತೀರ್ಪು ಕೊಟ್ಟರು.

ಆ ತೀರ್ಪಿನಲ್ಲಿ ಇನ್ನೊಂದು ಸಂಗತಿ ಇದೆ. ಜನ ಗೂಗಲ್ ಬಳಸುವುದು ಅದು ಚೆನ್ನಾಗಿದೆ ಅಂತಲೇ ಹೊರತು ಡೀಫಾಲ್ಟ್ ಆಗಿದೆ ಅಂತಲ್ಲ ಎಂದು ವಾದಿಸುವವರಿಗೆ ಅದನ್ನು ತೋರಿಸಬೇಕು. ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರ್‌ನಲ್ಲಿ ಡೀಫಾಲ್ಟ್ ಆಗಿರುವುದು ಆ ಕಂಪನಿಯದೇ ಸರ್ಚ್ ಆದ ಬಿಂಗ್. ಅಲ್ಲಿ ಸುಮಾರು ಶೇ. 80ರಷ್ಟು ಹುಡುಕಾಟ ಬಿಂಗ್‌ನಲ್ಲೇ ನಡೆಯುತ್ತದೆ. ಒಟ್ಟು ಮಾರುಕಟ್ಟೆಯಲ್ಲಿ ಗೂಗಲ್ ಪಾಲು ಶೇ. 90ರ ಹತ್ತಿರ ಇದ್ದರೂ ಎಡ್ಜ್‌ನಲ್ಲಿ ಅದಕ್ಕೆ ಸಿಗುವುದು ಶೇ. 20 ಮಾತ್ರ. ಎಡ್ಜ್ ಬಳಸುವವರು ಸ್ವಲ್ಪ ಬೇರೆ ಥರದ ಜನ ಇರಬಹುದು, ಒಪ್ಪೋಣ. ಆದರೂ ಇಷ್ಟು ದೊಡ್ಡ ವ್ಯತ್ಯಾಸ ಬರೀ ಗುಣಮಟ್ಟದಿಂದ ಬರುವುದಿಲ್ಲ, ಅಲ್ವಾ? ಮೊದಲೇ ಕೂರಿಸಿದ್ದನ್ನು ಬದಲಾಯಿಸಲು ಬಹಳಷ್ಟು ಜನ ಹೋಗುವುದೇ ಇಲ್ಲ. ಇಷ್ಟು ದುಡ್ಡು ಹೋಗುತ್ತಿರುವುದು ಅದಕ್ಕೇ.

ಮುಂದಿನ ಹೆಜ್ಜೆಯನ್ನೂ ಓದುಗರಿಗೆ ಬಿಡಿಸಿ ಹೇಳಿ. ಹೆಚ್ಚು ಜನ ಹುಡುಕಿದಷ್ಟೂ ಯಾರು ಯಾವುದನ್ನು ಒತ್ತಿದರು, ಯಾವುದನ್ನು ಬಿಟ್ಟರು ಅನ್ನುವ ಮಾಹಿತಿ ಜಾಸ್ತಿ ಸಿಗುತ್ತದೆ. ಅದರಿಂದ ಸರ್ಚ್ ಇನ್ನೂ ಚೆನ್ನಾಗುತ್ತದೆ, ಜಾಹೀರಾತಿನ ದುಡ್ಡು ಜಾಸ್ತಿ ಬರುತ್ತದೆ, ಮುಂದಿನ ವರ್ಷದ ಡೀಫಾಲ್ಟ್ ಜಾಗವನ್ನು ಅದೇ ದುಡ್ಡಿನಲ್ಲಿ ಕೊಳ್ಳಬಹುದು. ಹೊಸಬ ಎಷ್ಟೇ ಒಳ್ಳೆಯ ಸರ್ಚ್ ಮಾಡಿದರೂ ಈ ಸುತ್ತಿನೊಳಗೆ ಕಾಲಿಡಲು ಜಾಗ ಸಿಗುವುದಿಲ್ಲ. ಇದನ್ನು ಹೀಗೆ ಬರೆದರೆ ಓದುಗರೇ ‘ಇದನ್ನು ಯಾರಾದರೂ ತಡೆಯಬೇಕು’ ಅಂದುಕೊಳ್ಳುತ್ತಾರೆ. ನೀವು ಹೇಳಿಕೊಡಬೇಕಾಗಿಲ್ಲ.

ನಿಮ್ಮ ಲೇಖನದ ಮುಖ್ಯ ತೊಂದರೆ ಇದೇ. ದೊಡ್ಡದಾಗಿರುವುದೇ ಅಪರಾಧ ಅನ್ನುವ ಧಾಟಿಯಲ್ಲಿ ಬರೆದಿದ್ದೀರಿ. ಕಾನೂನು ಹಾಗೆ ಹೇಳುವುದಿಲ್ಲ. ಅಮೆರಿಕದ 1890ರ ಶರ್ಮನ್ ಕಾಯ್ದೆಯಾಗಲಿ, ಯುರೋಪಿನ ಸ್ಪರ್ಧಾ ಕಾನೂನಾಗಲಿ, ಭಾರತದ 2002ರ ಸ್ಪರ್ಧಾ ಕಾಯ್ದೆಯಾಗಲಿ, ಪ್ರಾಬಲ್ಯ ಇದ್ದ ಮಾತ್ರಕ್ಕೆ ಶಿಕ್ಷೆ ಕೊಡುವುದಿಲ್ಲ. ಆ ಪ್ರಾಬಲ್ಯವನ್ನು ಬಳಸಿ ಬೇರೆಯವರ ದಾರಿ ಮುಚ್ಚಿದರೆ ಕೊಡುತ್ತವೆ. ಹಾಗೆಯೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ ಕೂಡ. ಚೆನ್ನಾಗಿ ಕೆಲಸ ಮಾಡಿ ಬೆಳೆದವರನ್ನು ಬೆಳೆದಿದ್ದಕ್ಕೇ ಹೊಡೆದರೆ ಮುಂದೆ ಬೆಳೆಯಲು ಹೊರಟವರಿಗೆ ಹೇಳುವುದೇನು? ಗೂಗಲ್ ಸರ್ಚ್ ಉತ್ತಮ ಗುಣಮಟ್ಟದ್ದು ಅಂತ ಮೆಹ್ತಾ ಅವರ ತೀರ್ಪಿನಲ್ಲೇ ಒಪ್ಪಿಕೊಂಡಿದೆ. ಗುಣವನ್ನು ಒಪ್ಪಿ, ತಪ್ಪನ್ನೂ ತೋರಿಸಿದ್ದಾರೆ. ನಿಮ್ಮ ಲೇಖನಕ್ಕೂ ಆ ಪ್ರಾಮಾಣಿಕತೆ ಬೇಕು.

ಅಮೆಜಾನ್ ಬಗ್ಗೆ ನೀವು ಬರೆದ ಪ್ಯಾರಾದಲ್ಲೂ ಇದೇ ಕೊರತೆ. ‘ಸಣ್ಣವರನ್ನು ನುಂಗುತ್ತಿದೆ’ ಅಂದಿದ್ದೀರಿ. ಹೇಗೆ? ತನ್ನ ತಾಣದಲ್ಲಿ ಮಾರುವ ಬೇರೆ ವ್ಯಾಪಾರಿಗಳ ಮಾಹಿತಿ ಅದರ ಕೈಯಲ್ಲಿರುತ್ತದೆ. ಅದೇ ತಾಣದಲ್ಲಿ ಅದು ತನ್ನ ಸರಕನ್ನೂ ಮಾರುತ್ತದೆ. ಅಂಪೈರೂ ಅವನೇ, ಬ್ಯಾಟ್ಸ್‌ಮನ್ನೂ ಅವನೇ ಆದ ಹಾಗೆ. ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ವಿಚಾರಣೆ ನಡೆಸಿದ ಮೇಲೆ, ಆ ವ್ಯಾಪಾರಿಗಳ ಒಳಗಿನ ಮಾಹಿತಿಯನ್ನು ತನ್ನ ಮಾರಾಟಕ್ಕೆ ಬಳಸುವುದಿಲ್ಲ ಅಂತ 2022ರ ಡಿಸೆಂಬರ್‌ನಲ್ಲಿ ಅಮೆಜಾನ್ ಬದ್ಧತೆ ಕೊಟ್ಟಿತು. ನುಂಗುವ ಮಾತಿಗಿಂತ ಈ ಮೂರು ವಾಕ್ಯ ಎಷ್ಟೋ ಗಟ್ಟಿ.

ಇನ್ನು ‘ಒಡೆದು ಹಾಕಬೇಕು’ ಅನ್ನುವುದು. ಇದನ್ನು ಮತ್ತೆ ಮತ್ತೆ ಹೇಳಿದ್ದೀರಿ. ಏನನ್ನು ಯಾವ ಗೆರೆಯಲ್ಲಿ ಒಡೆಯಬೇಕು ಅಂತ ಒಮ್ಮೆಯೂ ಹೇಳಿಲ್ಲ. ಅಮೆರಿಕದ ಎಟಿ ಆ್ಯಂಡ್ ಟಿ ಟೆಲಿಫೋನ್ ಕಂಪನಿಯನ್ನು 1984ರಲ್ಲಿ ಒಡೆದಾಗ ಸ್ಥಳೀಯ ಸೇವೆ ಬೇರೆಯಾಗಿ ಏಳು ಪ್ರಾದೇಶಿಕ ಕಂಪನಿಗಳಿಗೆ ಹೋಯಿತು. ತಂತಿಗಳು ನೆಲದ ಮೇಲಿದ್ದವು, ಗೆರೆ ಎಳೆಯಲು ಸಾಧ್ಯವಿತ್ತು. ಸರ್ಚನ್ನು ಹಾಗೆ ಊರಿಗೊಂದರಂತೆ ಹಂಚಲು ಆಗುವುದಿಲ್ಲ. ಮೈಕ್ರೋಸಾಫ್ಟನ್ನು ಎರಡು ಮಾಡಿ ಅಂತ 2000ದಲ್ಲಿ ಒಬ್ಬ ನ್ಯಾಯಾಧೀಶರು ಆದೇಶ ಕೊಟ್ಟಿದ್ದರು. ಮರುವರ್ಷ ಮೇಲಿನ ಕೋರ್ಟ್, ಕಂಪನಿ ತಪ್ಪು ಮಾಡಿದೆ ಅನ್ನುವುದನ್ನು ಎತ್ತಿಹಿಡಿದು, ಒಡೆಯುವ ಆದೇಶವನ್ನು ರದ್ದು ಮಾಡಿತು. ಗೂಗಲ್ ವಿಷಯದಲ್ಲೂ ಸರ್ಕಾರ ಅದರ ಬ್ರೌಸರ್ ಕ್ರೋಮ್ ಅನ್ನು ಮಾರಿಸಿ ಅಂತ ಕೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಮೆಹ್ತಾ ಒಪ್ಪಲಿಲ್ಲ. ಅದರ ಬದಲು, ಬೇರೆಯವರಿಗೆ ಜಾಗವೇ ಇಲ್ಲದಂತೆ ಮಾಡುವ ಒಪ್ಪಂದಗಳನ್ನು ತಡೆದರು, ಸರ್ಚ್‌ನ ಒಂದಷ್ಟು ಮಾಹಿತಿಯನ್ನು ಪ್ರತಿಸ್ಪರ್ಧಿಗಳ ಜೊತೆ ಹಂಚಿಕೊಳ್ಳಲು ಹೇಳಿದರು. ದುಡ್ಡು ಕೊಟ್ಟು ಡೀಫಾಲ್ಟ್ ಪಡೆಯುವುದನ್ನು ಮಾತ್ರ ಪೂರ್ತಿ ನಿಲ್ಲಿಸಲಿಲ್ಲ. ಇದು ಸಾಕಾ? ನನಗೆ ಸಾಕು ಅನ್ನಿಸುವುದಿಲ್ಲ. ನಿಮಗೆ ಏನನ್ನಿಸುತ್ತದೆ ಅಂತ ಬರೆಯಿರಿ. ಲೇಖನದ ಜೀವ ಅಲ್ಲಿರುತ್ತದೆ.

ಒಡೆಯದೆಯೂ ದೊಡ್ಡ ಕೆಲಸ ಆಗಿದೆ. 1956ರಲ್ಲಿ ಎಟಿ ಆ್ಯಂಡ್ ಟಿ ಜೊತೆ ಅಮೆರಿಕ ಸರ್ಕಾರ ಒಂದು ರಾಜಿ ಮಾಡಿಕೊಂಡಿತು. ಕಂಪನಿ ಹಾಗೇ ಉಳಿಯಿತು. ಆದರೆ ಬೆಲ್ ಲ್ಯಾಬ್ಸ್‌ನ ಅಲ್ಲಿಯವರೆಗಿನ ಸಾವಿರಾರು ಪೇಟೆಂಟ್‌ಗಳನ್ನು ಬೇರೆಯವರಿಗೆ ಬಳಸಲು ಬಿಡಬೇಕಾಯಿತು. ಟ್ರಾನ್ಸಿಸ್ಟರ್ ಹುಟ್ಟಿದ, ಆ ಕಂಪನಿಯದೇ ಪ್ರಯೋಗಾಲಯ ಅದು. ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಕೈಹಾಕಬಾರದು ಅಂತಲೂ ಷರತ್ತು ಇತ್ತು. ಹಾಗಾಗಿ ಕಂಪ್ಯೂಟರ್ ಮಾಡುವ ಮೈದಾನ ಬೇರೆಯವರಿಗೆ ಉಳಿಯಿತು. ಬಾಗಿಲು ತೆರೆಸುವುದು ಅಂದರೆ ಇದು. ದಂಡದ ಮೊತ್ತ ನೋಡಿ ಖುಷಿಪಡುವವರಿಗೆ ಇಂಥ ಉದಾಹರಣೆ ಕಾಣಿಸುವುದೇ ಇಲ್ಲ.

ದಂಡದ ಬಗ್ಗೆ ನೀವು ಬರೆದಿರುವ ಪಟ್ಟಿಯನ್ನು ಅರ್ಧಕ್ಕರ್ಧ ಇಳಿಸಿ. 2018ರಲ್ಲಿ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ ಯುರೋಪ್ ಹಾಕಿದ 434 ಕೋಟಿ ಯೂರೊ, 2022ರಲ್ಲಿ ಭಾರತದ ಸ್ಪರ್ಧಾ ಆಯೋಗ ಹಾಕಿದ 1,337 ಕೋಟಿ ರೂಪಾಯಿ, ಎಲ್ಲವೂ ನಿಜವೇ. ಯುರೋಪಿನ ಆ ಮೊತ್ತವನ್ನು ಮೇಲ್ಮನವಿಯಲ್ಲಿ ಸ್ವಲ್ಪ ಇಳಿಸಿದ್ದನ್ನೂ ಸೇರಿಸಿ. ಆದರೆ ದಂಡ ಕಟ್ಟಿದ ಮೇಲೆ ಏನು ಬದಲಾಯಿತು ಅನ್ನುವುದೇ ಮುಖ್ಯ. ಅದಕ್ಕೆ ಒಂದು ಕೇಸನ್ನು ಹತ್ತಿರದಿಂದ ತೋರಿಸಿ. ವಿಂಡೋಸ್‌ನಲ್ಲಿ ಯಾವ ಬ್ರೌಸರ್ ಬೇಕು ಅಂತ ಬಳಕೆದಾರರನ್ನು ಕೇಳುವ ಪರದೆ ಹಾಕುತ್ತೇವೆ ಅಂತ 2009ರಲ್ಲಿ ಮೈಕ್ರೋಸಾಫ್ಟ್ ಯುರೋಪಿಗೆ ಒಪ್ಪಿಕೊಂಡಿತ್ತು. 2011ರಲ್ಲಿ ವಿಂಡೋಸ್ 7ರ ಒಂದು ಅಪ್‌ಡೇಟ್ ಬಂದಾಗ ಆ ಪರದೆ ಮಾಯವಾಯಿತು. ಒಂದು ವರ್ಷಕ್ಕಿಂತ ಜಾಸ್ತಿ ಕಾಲ, ಸುಮಾರು ಒಂದೂವರೆ ಕೋಟಿ ಬಳಕೆದಾರರಿಗೆ ಅದು ಕಾಣಿಸಲೇ ಇಲ್ಲ. ತಾಂತ್ರಿಕ ದೋಷ ಅಂತ ಕಂಪನಿ ಹೇಳಿತು. 2013ರಲ್ಲಿ 56.1 ಕೋಟಿ ಯೂರೊ ದಂಡ ಬಿತ್ತು. ಆದೇಶ ಕೊಟ್ಟರೆ ಮುಗಿಯಲಿಲ್ಲ, ದಿನಾ ನೋಡುತ್ತಿರುವವರು ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ನಿಮ್ಮ ಲೇಖನ ತಪ್ಪಿಸಿಕೊಂಡಿರುವ ಕಷ್ಟದ ಭಾಗಕ್ಕೆ ಬರುತ್ತೇನೆ. ಫೇಸ್‌ಬುಕ್ 2012ರಲ್ಲಿ ಇನ್‌ಸ್ಟಾಗ್ರಾಂ ಅನ್ನು 100 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ವಾಟ್ಸಾಪ್ ಸರದಿ, 1,900 ಕೋಟಿ ಡಾಲರ್ ಅಂತ ಘೋಷಣೆಯಾಯಿತು. ಇಲ್ಲಿಯವರೆಗೆ ನೀವೂ ಬರೆದಿದ್ದೀರಿ. ಇನ್‌ಸ್ಟಾಗ್ರಾಂ ಖರೀದಿಯನ್ನು ಆಗ ಪರಿಶೀಲಿಸಿ ಬಿಟ್ಟದ್ದು ಮಾರುಕಟ್ಟೆಯ ಸ್ಪರ್ಧೆಯ ಮೇಲೆ ಕಣ್ಣಿಡುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್. ಅದೇ ಕಮಿಷನ್ 2020ರ ಡಿಸೆಂಬರ್‌ನಲ್ಲಿ ಈ ಖರೀದಿಗಳ ವಿರುದ್ಧ ಕೋರ್ಟಿಗೆ ಹೋಯಿತು. 2025ರ ನವೆಂಬರ್‌ನಲ್ಲಿ ಸೋತಿತು. ಟಿಕ್‌ಟಾಕ್, ಯೂಟ್ಯೂಬ್ ಎದುರಿಗಿರುವಾಗ ಮೆಟಾಗೆ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) ಈಗಲೂ ಏಕಸ್ವಾಮ್ಯ ಇದೆ ಅಂತ ಸರ್ಕಾರ ಸಾಬೀತು ಮಾಡಿಲ್ಲ ಎಂದರು ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್.

ಈ ತೀರ್ಪು ನಿಮ್ಮ ವಾದಕ್ಕೆ ಪೆಟ್ಟು. ಅದನ್ನು ಬಿಟ್ಟು ಬರೆದರೆ ವಿಷಯ ಗೊತ್ತಿರುವ ಓದುಗರು ನಿಮ್ಮ ಮುಂದಿನ ಯಾವ ಸಾಲನ್ನೂ ನಂಬುವುದಿಲ್ಲ. ‘ಸರ್ಕಾರ ಕೈಹಾಕುವುದೇ ಬೇಡ, ಮಾರುಕಟ್ಟೆ ತಾನೇ ಸರಿ ಮಾಡಿಕೊಳ್ಳುತ್ತದೆ’ ಅನ್ನುವವರ ಕೈಯಲ್ಲಿರುವ ಬಲವಾದ ಕೇಸು ಇದು. ಅವರ ಬಾಯಲ್ಲೇ ಅದನ್ನು ಪೂರ್ತಿ ಹೇಳಿಸಿ. ಆಮೇಲೆ ಉತ್ತರ ಕೊಡಿ. ನನ್ನ ಉತ್ತರ ಹೀಗಿದೆ: ಕೊಳ್ಳುವ ದಿನ ಕೇಳಬೇಕಾದ ಪ್ರಶ್ನೆಯನ್ನು ಎಂಟು ವರ್ಷ ಬಿಟ್ಟು ಕೇಳಿದರು, ತೀರ್ಪು ಬರಲು ಇನ್ನೂ ಐದು ವರ್ಷ ಹೋಯಿತು. ಅಷ್ಟರಲ್ಲಿ ಮಾರುಕಟ್ಟೆಯೇ ಬೇರೆಯಾಗಿತ್ತು. ಹಾಗಾಗಿ ಈ ಸೋಲನ್ನು ನಾನು ಹಸ್ತಕ್ಷೇಪದ ವಿರುದ್ಧ ಓದುವುದಿಲ್ಲ, ತಡವಾದ ಹಸ್ತಕ್ಷೇಪದ ವಿರುದ್ಧ ಓದುತ್ತೇನೆ. ನೆಟ್‌ಸ್ಕೇಪ್ ಕಥೆಯೂ ಹಾಗೇ. ಅದು ಮೈಕ್ರೋಸಾಫ್ಟ್ ಮೂಲೆಗೆ ತಳ್ಳಿದ ಪ್ರತಿಸ್ಪರ್ಧಿ ಬ್ರೌಸರ್. ಮೈಕ್ರೋಸಾಫ್ಟ್ ವಿರುದ್ಧದ ಮೊಕದ್ದಮೆ ಶುರುವಾಗಿದ್ದು 1998ರ ಮೇ ತಿಂಗಳಲ್ಲಿ. ಮೇಲ್ಮನವಿಯ ತೀರ್ಪು ಬಂದ 2001ರ ಹೊತ್ತಿಗೆ ಬ್ರೌಸರ್ ಮಾರುಕಟ್ಟೆಯಲ್ಲಿ ನೆಟ್‌ಸ್ಕೇಪ್ ನೆಲಕಚ್ಚಿತ್ತು. ನೀವು ನನ್ನ ಉತ್ತರ ಒಪ್ಪಬೇಕಾಗಿಲ್ಲ. ನಿಮ್ಮದೇ ಒಂದು ಉತ್ತರ ಇರಬೇಕು.

ತಡ ಆಗುತ್ತದೆ ಅನ್ನುವ ಅನುಭವದಿಂದಲೇ ಯುರೋಪ್ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ತಂದಿತು. ಅದರ ನಿಯಮಗಳು 2024ರ ಮಾರ್ಚ್‌ನಿಂದ ದೊಡ್ಡ ವೇದಿಕೆಗಳಿಗೆ ಅನ್ವಯವಾಗಿವೆ. ಇಂಥಿಂಥದ್ದು ಮಾಡುವಂತಿಲ್ಲ ಅಂತ ಮೊದಲೇ ಹೇಳಿಬಿಡುವ ಕಾನೂನು ಅದು. ಮುರಿದರೆ ಜಾಗತಿಕ ವಹಿವಾಟಿನ ಶೇ. 10ರವರೆಗೆ ದಂಡ. ‘ಸರ್ಕಾರಗಳು ಕೈಕಟ್ಟಿ ಕೂತಿವೆ’ ಅನ್ನುವ ನಿಮ್ಮ ಸಾಲು ಇದನ್ನು ಓದಿದ ಮೇಲೆ ನಿಲ್ಲುವುದಿಲ್ಲ. ತೆಗೆಯಿರಿ.

ಕೊನೆಯ ಎರಡು ಪುಟಗಳಲ್ಲಿ ಸುಳ್ಳು ಸುದ್ದಿ, ಮಕ್ಕಳ ಮೊಬೈಲ್ ಗೀಳು, ತೆರಿಗೆ ತಪ್ಪಿಸುವುದು, ಎಐನಿಂದ ಕೆಲಸ ಹೋಗುವುದು, ಎಲ್ಲ ಬಂದಿವೆ. ಒಂದೊಂದೂ ಬೇರೆ ಬೇರೆ ಲೇಖನದ ವಿಷಯ. ಕಂಪನಿಯನ್ನು ಮೂರು ತುಂಡು ಮಾಡಿದರೂ ಸುಳ್ಳು ಸುದ್ದಿ ನಿಲ್ಲುವುದಿಲ್ಲ, ಮೂರು ಕಡೆ ಓಡಾಡುತ್ತದೆ. ಎಲ್ಲ ದೂರನ್ನೂ ಒಂದೇ ಗಂಟಿಗೆ ಕಟ್ಟಿದರೆ ಇನ್ನೊಂದು ಅಪಾಯವೂ ಇದೆ. ಸುಳ್ಳು ಸುದ್ದಿ ತಡೆಯುವ ಹೆಸರಲ್ಲಿ ತನಗಾಗದ ಮಾತನ್ನು ಅಳಿಸಬೇಕು ಅನ್ನುವ ಸರ್ಕಾರಕ್ಕೆ, ಕಂಪನಿಯ ಮೇಲೆ ತೂಗುವ ಒಂದು ಕತ್ತಿ ಸಿಕ್ಕ ಹಾಗಾಗುತ್ತದೆ. ನೀವು ಇಡೀ ಲೇಖನದಲ್ಲಿ ‘ಸರ್ಕಾರ’ ಅಂತ ಮಾತ್ರ ಬರೆದಿದ್ದೀರಿ. ಯಾರು ಅಂತ ಬಿಡಿಸಿ. ಮಂತ್ರಿಯ ಒಂದು ಫೋನ್ ಕರೆಯೋ? ಸ್ವತಂತ್ರ ಆಯೋಗವೋ? ಕೋರ್ಟೋ? ಕಾರಣಗಳನ್ನು ಬರೆದಿಡುವ, ಮೇಲ್ಮನವಿಗೆ ಅವಕಾಶ ಇರುವ ದಾರಿಯನ್ನು ಮಾತ್ರ ನಾನು ಒಪ್ಪುತ್ತೇನೆ, ಅದು ನಿಧಾನವಾದರೂ. ಬೇಗ ಆಗಬೇಕು ಅಂತ ಈಗಷ್ಟೇ ಹೇಳಿದವನು ನಾನೇ. ಈ ಎರಡರ ನಡುವೆ ಎಳೆದಾಟ ಇದೆ, ಅದನ್ನು ಓದುಗರಿಂದ ಮುಚ್ಚಿಡಬೇಡಿ.

ಒಂದು ಸಣ್ಣ ಮಾತು. ‘ಎಲ್ಲರಿಗೂ ಗೊತ್ತಿರುವ ಹಾಗೆ’ ಅಂತ ನೀವು ಶುರುಮಾಡಿದ ಯಾವ ವಾಕ್ಯದಲ್ಲೂ ಪುರಾವೆ ಇಲ್ಲ. ಅವನ್ನು ಹುಡುಕಿ, ಒಂದೋ ಪುರಾವೆ ಕೊಡಿ, ಇಲ್ಲವೇ ಹೊಡೆದುಹಾಕಿ.

ಈಗಿರುವುದರ ಮುಕ್ಕಾಲು ಭಾಗ ಉದ್ದ ಸಾಕು. ಫೋನ್‌ನಿಂದ ಶುರುಮಾಡಿ, ಡೀಫಾಲ್ಟ್ ದುಡ್ಡಿನ ಕಥೆಗೆ ಹೆಚ್ಚು ಜಾಗ ಕೊಡಿ, ಏನು ಮಾಡಬೇಕು ಅನ್ನುವುದನ್ನು ಒಂದೇ ಒಂದು ಕೇಸಿನ ಮೇಲೆ ನಿಂತು ಹೇಳಿ. ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಮೆಟಾ ತೀರ್ಪಿಗೆ ನೀವು ಕೊಡುವ ಉತ್ತರವನ್ನೇ ಮೊದಲು ಹುಡುಕುತ್ತೇನೆ.